ರಿಯಾಮ್ ಪಾರ್ಕಿನ ಹೊಗೆ

ಮಸ್ಕತ್ತಿನ ಮತ್ರಾದ ಹಳೇ ಸೂಕ್ ಪೇಟೆಯಲ್ಲಿ ಶಾಲು, ಲೋಬಾನ, ಹಿತ್ತಾಳೆಯ ಒಂಟೆ ಮಾರುವ ಅದ್ದುವಿನ ಬಗ್ಗೆ ಅವನ ಹುಟ್ಟೂರು ಪಾಣೆಮಂಗಳೂರಿನಲ್ಲಿ ವಿಚಾರಿಸಿ ನೋಡಿ. "ಅವರಾ? ಮಸ್ಕತ್ತಿನ ಮೂಲೆ ಮೂಲೆ ಗೊತ್ತುಂಟು ಅವರಿಗೆ" ಎನ್ನುತ್ತಾರೆ. ಅದೇ ಅದ್ದುವಿನ ಬಗ್ಗೆ ಮತ್ರಾದಲ್ಲಿ ವಿಚಾರಿಸಿ. "ಯಾರು, ಅಂಗಡಿ ಬಿಟ್ಟು ಹೊರಗೇ ಬಾರದ ಆ ಮನುಷ್ಯನಾ?" ಎನ್ನುತ್ತಾರೆ. ಎರಡು ಊರಿನವರೂ ಹೇಳುತ್ತಿರುವುದು ಒಬ್ಬನೇ ಅದ್ದುವಿನ ಬಗ್ಗೆ. ನಡುವೆ ಇರುವುದು ಅರಬ್ಬೀ ಸಮುದ್ರ ಮತ್ತು ಅವನ ನಾಲಿಗೆ. ಆ ನಾಲಿಗೆ ಹೋದ ಡಿಸೆಂಬರಿನಲ್ಲಿ ಅವನನ್ನು ಸರಿಯಾಗಿ ಸಿಕ್ಕಿಹಾಕಿಸಿತು.

ಅಂಗಡಿಯ ಹಿಂದಿನ ಓಣಿಯಲ್ಲಿ ಮೆಟ್ಟಿಲು ಹತ್ತಿದರೆ ಅವನ ರೂಮು. ರೂಮಿನಿಂದ ಅಂಗಡಿ, ಅಂಗಡಿಯಿಂದ ಮಸೀದಿ, ಮಸೀದಿಯಿಂದ ಅಂಗಡಿ, ಕೊನೆಗೆ ಮತ್ತೆ ರೂಮು. ಮೂವತ್ತು ವರ್ಷ ಇಷ್ಟೇ. ಸಮುದ್ರ ಒಂದು ಕೂಗಳತೆ ದೂರದಲ್ಲಿದ್ದರೂ ಅವನು ಅದನ್ನು ಎರಡು ಕಟ್ಟಡಗಳ ಸಂದಿಯಲ್ಲಿ ನೋಡಿದ್ದೇ ಹೆಚ್ಚು. ಹಾಗಂತ ಯಾರೂ ಅವನನ್ನು ಕಟ್ಟಿಹಾಕಿರಲಿಲ್ಲ. ವೀಸಾ ಕೊಟ್ಟ ಅರಬ್ ಧಣಿ, ಅವನ ಕಫೀಲ್, ಒಳ್ಳೆಯ ಮನುಷ್ಯ, ಶುಕ್ರವಾರ ಅರ್ಧ ದಿನ ರಜೆಯೂ ಇತ್ತು. ಆದರೆ ರಜೆ ಎಂದಮೇಲೆ ಬಟ್ಟೆ ಒಗೆಯಬೇಡವೇ? ಬಿರಿಯಾನಿ ತಿಂದು ಮಲಗಬೇಡವೇ? ನೋಡಬೇಕೆಂದಿದ್ದ ಕೋಟೆ ಅಲ್ಲೇ ಇರುತ್ತದೆ, ಎದ್ದು ಓಡಿಹೋಗುವುದಿಲ್ಲ. ಬರುವ ವಾರ ನೋಡಿದರಾಯಿತು ಎಂದು ಅದ್ದು ಮಗ್ಗುಲು ಬದಲಿಸುತ್ತಿದ್ದ.

ಸುಳ್ಳು ಹುಟ್ಟಿದ್ದು ಫೋನ್ ಕಾರ್ಡಿನ ಕಾಲದಲ್ಲಿ. ಆಗ ಅವನಿಗೆ ಹೊಸತಾಗಿ ಮದುವೆಯಾಗಿತ್ತು. ಶುಕ್ರವಾರ ಸಂಜೆ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಶಾಲಿನ ಕಟ್ಟುಗಳ ಮೇಲೆ ಕುಳಿತು ಊರಿನಲ್ಲಿದ್ದ ಹೆಂಡತಿ ಬೀಫಾತುಮ್ಮಳಿಗೆ ಫೋನು ಮಾಡುತ್ತಿದ್ದ.

"ಎಂತ ವಿಶೇಷ?"

"ಎಂತದ್ದೂ ಇಲ್ಲ. ಅಲ್ಲಿ?"

"ಇಲ್ಲಿಯೂ ಎಂತದ್ದೂ ಇಲ್ಲ."

ಆಮೇಲೆ ಇಬ್ಬರೂ ಉಸಿರು ಬಿಡುತ್ತಾ ಕೂರುವುದು. ಒಂದು ಶುಕ್ರವಾರ ಬೀಫಾತುಮ್ಮ ಕೇಳಿದಳು: "ರಜೆ ಅಲ್ವಾ ಇವತ್ತು, ಎಲ್ಲಿಗೂ ಹೋಗ್ಲಿಲ್ವಾ ನೀವು?" ಅದ್ದುವಿನ ಎದುರಿಗೆ ಪೋಸ್ಟ್ ಕಾರ್ಡಿನ ಕಟ್ಟೊಂದು ಬಿದ್ದಿತ್ತು. ಮೇಲಿನ ಚಿತ್ರ ರಿಯಾಮ್ ಪಾರ್ಕಿನದು. ಸಮುದ್ರದ ಎದುರಿನ ಗುಡ್ಡದ ಮೇಲೆ ಮನೆಯಷ್ಟು ದೊಡ್ಡ ಬಿಳಿ ಧೂಪದ ಪಾತ್ರೆ, ಕೆಳಗೆ ಹಸಿರು ಪಾರ್ಕು. "ಪಾರ್ಕಿಗೆ ಬಂದಿದ್ದೇನೆ ಮಾರಾಯ್ತಿ, ಇಲ್ಲಿಯ ಬೂತಿನಿಂದಲೇ ಮಾತಾಡುವುದು" ಎಂದುಬಿಟ್ಟ. "ಹೌದಾ! ಹೇಗುಂಟು ಪಾರ್ಕು?" ಎಂದಳು ಅವಳು. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಅದ್ದು ಬಿಡಲಿಲ್ಲ. ಸಂಜೆಯಾದರೆ ಆ ಪಾತ್ರೆಯಲ್ಲಿ ಲೋಬಾನ ಹಾಕಿ ಹೊತ್ತಿಸುತ್ತಾರೆ, ಹೊಗೆ ಮೋಡದ ಹಾಗೆ ಏಳುತ್ತದೆ, ಇಡೀ ಊರಿಗೆ ಪರಿಮಳ, ನಾನು ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತು ನೋಡ್ತೇನೆ ಎಂದು ಫೋನ್ ಕಾರ್ಡು ಮುಗಿಯುವವರೆಗೂ ಕೊರೆದ. ಆ ಪಾತ್ರೆ ಬರೀ ಸಿಮೆಂಟಿನದು, ಅದರೊಳಗೆ ಯಾರೂ ಒಂದು ಬೆಂಕಿಕಡ್ಡಿಯನ್ನೂ ಗೀರುವುದಿಲ್ಲ ಎಂದು ಅವನಿಗೇನು ಗೊತ್ತು? ಅವನು ನೋಡಿದ್ದರೆ ತಾನೇ!

ಅಂದಿನಿಂದ ಪ್ರತಿ ಶುಕ್ರವಾರ ಅದ್ದುವಿನ ಸಂಚಾರ ಶುರುವಾಯಿತು. ಪೋಸ್ಟ್ ಕಾರ್ಡು ಮುಗಿದಾಗ ಗಿರಾಕಿಗಳ ಬಾಯಿಂದ ಎತ್ತಿಕೊಂಡ. ದೊಡ್ಡ ಗಣಿ ಎಂದರೆ ಬಾಲಸುಬ್ರಹ್ಮಣ್ಯ. ಮೈಸೂರಿನವರು, ರೂವಿಯಲ್ಲಿ ಆಫೀಸು. ಸೋಮವಾರಗಳಂದು ಅರಮನೆಯ ಹತ್ತಿರದ ಶಿವನ ಗುಡಿಗೆ ಹೋಗಿ, ಬರುವಾಗ ಅದ್ದುವಿನ ಅಂಗಡಿಯಲ್ಲಿ ಲೋಬಾನ ಕೊಂಡು, ಕನ್ನಡ ಮಾತಾಡಿ ಹಗುರಾಗುವ ಮನುಷ್ಯ. ಅವರು ಸೋಮವಾರ ಸುರಿದದ್ದನ್ನು ಅದ್ದು ಶುಕ್ರವಾರ ಪಾಣೆಮಂಗಳೂರಿಗೆ ಸಾಗಿಸುತ್ತಿದ್ದ. ಗುಡಿಯ ಬಾವಿಯಲ್ಲಿ ನೀರು ಬತ್ತುವುದೇ ಇಲ್ಲವಂತೆ ಎಂದು ಭಟ್ಟರು ನನಗೇ ಹೇಳಿದರು ಎನ್ನುವಷ್ಟು ಧೈರ್ಯ ಬೆಳೆದಿತ್ತು. ಹೊರಗೆ, ಮೊದಲಿನಿಂದಲೂ ಅಂಗಡಿಯಲ್ಲಿ ಅವನ ಜೊತೆಗಾರನಾದ ಸಿನಾನ್ ಹಡಗಿನಿಂದಿಳಿದ ಬಿಳಿಯರೊಡನೆ "ಮೇಡಂ, ಲಾಸ್ಟ್ ಪ್ರೈಸ್! ಲಾಸ್ಟ್ ಪ್ರೈಸ್!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ, ಒಳಗೆ ಅದ್ದು ಕೋಟೆಯ ಮೇಲೆ ನಿಂತು ಗಾಳಿ ಸೇವಿಸುತ್ತಿದ್ದ.

ಫೋನ್ ಕಾರ್ಡು ಹೋಯಿತು, ಮೊಬೈಲು ಬಂತು, ಸಂಚಾರ ನಿಲ್ಲಲಿಲ್ಲ. ಮಗಳು ಸುಹೈಲಾ ಈ ಕತೆಗಳನ್ನೇ ಕೇಳಿ ಬೆಳೆದಳು, ಮದುವೆಯಾಗಿ ಗಂಡ ಅಫ್ವಾನನೊಂದಿಗೆ ಮಸ್ಕತ್ತಿನ ಇನ್ನೊಂದು ತುದಿಯ ಅಲ್ ಖೌದ್‌ಗೇ ಬಂದಳು. ಕೈಯಲ್ಲಿ ಸಣ್ಣ ಮಗು, ಅವಳಿಗೆ ಮತ್ರಾದ ಕಡೆ ಬರಲು ಪುರುಸೊತ್ತಿಲ್ಲ. ಬಚಾವಾದೆ ಎಂದುಕೊಂಡ ಅದ್ದು. ಆದರೆ ಬಾಣಂತಿಯನ್ನು ನೋಡಿಕೊಳ್ಳಲು ಬೀಫಾತುಮ್ಮ ವಿಸಿಟ್ ವೀಸಾದಲ್ಲಿ ಇಳಿದೇಬಿಟ್ಟಳು. ಇಳಿದವಳು ಮೊಮ್ಮಗುವನ್ನು ಮುದ್ದಾಡಿ, ಚಹಾ ಕುಡಿದು, ಹೇಳಿದ ಎರಡನೆಯ ಮಾತೇ ಇದು: "ನಿಮ್ಮ ಬೆಂಚು ನೋಡ್ಬೇಕು ನನಗೆ."

ಸುಳ್ಳುಗಾರ ಎನಿಸಿಕೊಳ್ಳುವುದಕ್ಕೆ ಅದ್ದು ಅಷ್ಟೊಂದು ಹೆದರಲಿಲ್ಲ. ವ್ಯಾಪಾರಿ ತಾನೇ, ಅದೆಲ್ಲ ಅಭ್ಯಾಸ. ಅವನ ಭಯವೇ ಬೇರೆ. ಊರಿನಲ್ಲಿ ಅವಳು ಇವನನ್ನು ರಾಜನ ಹಾಗೆ ಎತ್ತಿ ಹೇಳಿಕೊಂಡಿದ್ದಳು. ಆ ರಾಜ ಮೂವತ್ತು ವರ್ಷ ಗೋಡೌನಿನಲ್ಲಿ ಶಾಲಿಗೆ ಇಸ್ತ್ರಿ ಹಾಕುತ್ತಾ ಕೂತಿದ್ದ ಎಂದು ತಿಳಿದರೆ ಅವಳು ಬೈಯುವುದಿಲ್ಲ, ಪಾಪ ಎನ್ನುತ್ತಾಳೆ. ಹೆಂಡತಿಯ ಬಾಯಲ್ಲಿ ಆ ಪಾಪ ಕೇಳುವುದು ಅದ್ದುವಿಗೆ ಸುತರಾಂ ಬೇಡವಾಗಿತ್ತು.

ಬಾಲಸುಬ್ರಹ್ಮಣ್ಯರಿಗೆ ಫೋನು ಮಾಡಿ ಪಾರ್ಕಿನ ದಾರಿ ಕೇಳಿದ. ಅವರು ನಕ್ಕು ಹೇಳಿದರು: "ಸಮುದ್ರ ಎಡಗಡೆ ಇರ್ಲಿ, ನಡೀತಾ ಹೋಗಿ. ಬಲಗಡೆ ಬಂತೂಂದ್ರೆ ವಾಪಸ್ ಬರ್ತಿದೀರಿ ಅಂತ. ಎರಡೂ ಕಡೆ ಬಂದ್ರೆ ನೀರಲ್ಲಿದೀರಿ, ಯಾರನ್ನಾದ್ರೂ ಕೂಗಿ."

ಸೋಮವಾರ ಮಧ್ಯಾಹ್ನ ಅಫ್ವಾನ್ ಇಬ್ಬರನ್ನೂ ಮತ್ರಾದ ಸಮುದ್ರದ ದಂಡೆಯಲ್ಲಿ ಇಳಿಸಿ ರುಸೈಲ್‌ನ ಫ್ಯಾಕ್ಟರಿಗೆ ಡ್ಯೂಟಿಗೆ ಹೋದ. ಬೀಫಾತುಮ್ಮ ಬುರ್ಖಾ ಸರಿಮಾಡಿಕೊಂಡು, ತನ್ನ ಅಡುಗೆಮನೆಯೇನೋ ಎಂಬಂತೆ ನಡೆಯತೊಡಗಿದಳು. ಅದ್ದು ಹಿಂದೆ. "ಇಗೋ, ಇದೇ ಅಲ್ವಾ ಲವಾತಿಯಾದವರ ಕೋಟೆಗೋಡೆ? ಒಳಗೆ ನಿಮ್ಮ ದೋಸ್ತಿ ಉಂಟಲ್ವಾ, ಈದ್ ಪೆರ್ನಾಳಿಗೆ ಹಲ್ವಾ ಕೊಡುವವರು? ಒಂದು ಸಲಾಂ ಹೇಳಿ ಬರುವ."

ಗೋಡೆಯೊಳಗೆ ಲವಾತಿಯಾ ಎಂಬ ವ್ಯಾಪಾರಿ ಜಮಾತಿನವರ ಸಂಸಾರಗಳಷ್ಟೇ ಇರುವ ಹಳೇ ಕೇರಿ. ಅದ್ದು ಬಾಗಿಲಿನಿಂದ ಒಳಗೆ ಇಣುಕಿಯೂ ಇರಲಿಲ್ಲ. "ಅವರಾ... ದೂರದ ಇಬ್ರಿ ಊರಿಗೆ ಹೋಗಿದ್ದಾರೆ, ಮದುವೆ."

"ಎಲ್ಲರೂ?"

"ಎಲ್ಲರೂ. ದೊಡ್ಡ ಮದುವೆ."

ಮುಂದೆ ಚಹಾ ಅಂಗಡಿ. ಇಲ್ಲಿಯ ಮಲಬಾರಿ ನನ್ನನ್ನು ದೂರದಿಂದ ಕಂಡರೇ ಸುಲೈಮಾನಿ ಚಹಾ ತಯಾರಿಡ್ತಾನೆ ಎಂದು ಅದ್ದು ಎಷ್ಟೋ ಶುಕ್ರವಾರ ಹೇಳಿದ್ದ. ಚಹಾದವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಹಿಂದಿಯಲ್ಲಿ ಕೇಳಿದ: "ಚಾಚಾ, ಹಡಗಿನಲ್ಲಿ ಬಂದದ್ದಾ?" ಬೀಫಾತುಮ್ಮ ಕೆಮ್ಮಿದಳು. "ಹೊಸ ಹುಡುಗ" ಎಂದ ಅದ್ದು. ಚಹಾದವನ ಗಡ್ಡ ಅದ್ದುವಿನದಕ್ಕಿಂತ ಬೆಳ್ಳಗಿತ್ತು.

ಮರ್ಯಾದೆ ಇನ್ನೂ ಸ್ವಲ್ಪ ಉಳಿದಿರುವಾಗಲೇ ಅದ್ದು, ಮೊದಲು ಅರಮನೆ ನೋಡುವ ಎಂದು ಟ್ಯಾಕ್ಸಿ ಹತ್ತಿಸಿದ. ದಾರಿಯಲ್ಲಿ ಗುಡ್ಡದ ಮೇಲೆ ಬಿಳಿ ಧೂಪದ ಪಾತ್ರೆ ಕಂಡಿತು. "ಹೊಗೆ?" ಎಂದಳು ಬೀಫಾತುಮ್ಮ. "ಸಂಜೆ, ಸಂಜೆ" ಎಂದ ಅದ್ದು, ಡ್ರೈವರಿಗೆ "ಯಲ್ಲಾ" ಎಂದು ಅವಸರ ಮಾಡಿದ.

ಹಳೇ ಮಸ್ಕತ್ತಿನಲ್ಲಿ ಅರಮನೆಯ ನೀಲಿ ಬಂಗಾರ ಬಣ್ಣದ ಕಂಬಗಳನ್ನು ನೋಡಿ ಅದ್ದು ಬೆಪ್ಪಾಗಿ ನಿಂತ. ಪೋಸ್ಟ್ ಕಾರ್ಡಿನಲ್ಲಿ ಇಷ್ಟು ದೊಡ್ಡದಿರಲಿಲ್ಲ. ಅರಮನೆಯ ಆಚೆ ಈಚೆ ಬಂಡೆಗಳ ಮೇಲೆ ಎರಡು ಕೋಟೆಗಳು, ಸಂದಿಯಲ್ಲಿ ಹೊಳೆಯುವ ನೀರು. "ಪಡೆದವನೇ, ಎಂಥಾ ಚಂದ!" ಎಂದು ಬಾಯಿಂದ ಬಂದೇಬಿಟ್ಟಿತು.

"ಮೊದಲ ಸಲ ನೋಡಿದ ಹಾಗೆ ಹೇಳ್ತೀರಲ್ಲ" ಎಂದಳು ಬೀಫಾತುಮ್ಮ, ಅರಮನೆಯ ಕಡೆಗೇ ನೋಡುತ್ತಾ.

"ಪ್ರತಿ ಸಲವೂ ಹಾಗೇ ಅನ್ನಿಸ್ತದೆ."

ಹತ್ತಿರದ ಶಿವನ ಗುಡಿಯ ಮುಂದೆ ಚಪ್ಪಲಿಗಳ ರಾಶಿ. ಒಳಗಿನಿಂದ ಗಂಟೆಯ ಸದ್ದು, ಗುಜರಾತಿ ಹೆಂಗಸರ ಹಾಡು. ಇಬ್ಬರೂ ಆಚೆ ನೆರಳಿನಲ್ಲಿ ನಿಂತರು. ಅಂಗೈಗೆ ಬಂದ ತೀರ್ಥವನ್ನು ತಲೆಗೆ ಒರೆಸಿಕೊಳ್ಳುತ್ತಾ ಹೊರಬಂದವರು ಬೇರೆ ಯಾರೂ ಅಲ್ಲ, ಬಾಲಸುಬ್ರಹ್ಮಣ್ಯ. ಸೋಮವಾರ ಬೇರೆ ಯಾರು ಸಿಗುತ್ತಾರೆ? ಇಷ್ಟು ಬುದ್ಧಿ ಅದ್ದುವಿಗೆ ಬೆಳಿಗ್ಗೆಯೇ ಬರಬಾರದಿತ್ತೇ!

"ಓಹೋ, ಅದ್ದು ಸಾಹೇಬ್ರು!" ಬಾಲಸುಬ್ರಹ್ಮಣ್ಯರ ಸಂತೋಷಕ್ಕೆ ಬೀದಿಯೇ ತಿರುಗಿ ನೋಡಿತು. "ನೋಡಮ್ಮ, ನಾನು ಎಷ್ಟ್ ವರ್ಷದಿಂದ ಬಡ್ಕೋತಾ ಇದೀನಿ, ಆ ಗೋಡೌನ್ ಬಿಟ್ಟು ಒಂದ್ಸಲ ಈ ಕಡೆ ಬನ್ರೀ ಅಂತ. ಕೊನೆಗೆ ನೀವು ಬಂದ್ಮೇಲೇ ಬಂದ್ರು ನೋಡಿ ಮಹಾನುಭಾವರು! ಮೊದಲ್ನೇ ಸಲ ಅಲ್ವಾ ಸಾಹೇಬ್ರೇ?" ಪ್ರಸಾದದ ಬಾಳೆಹಣ್ಣನ್ನು ಬೀಫಾತುಮ್ಮಳ ಕೈಗಿತ್ತು, ಪಾರ್ಕಿಂಗ್ ದಂಡ ಬೀಳುತ್ತದೆಂದು ಕಾರಿನ ಕಡೆ ಓಡಿದರು. ಬೆಂಕಿ ಹಚ್ಚಿ ಹೋದದ್ದು ಆ ಪುಣ್ಯಾತ್ಮನಿಗೆ ಗೊತ್ತೇ ಇಲ್ಲ.

ಬೀಫಾತುಮ್ಮ ಬಾಳೆಹಣ್ಣು ಸುಲಿದಳು. ಅರ್ಧ ಮುರಿದು ಗಂಡನಿಗೆ ಕೊಟ್ಟಳು. ಅವಳು ಬೈದಿದ್ದರೆ ಅದ್ದು ಬದುಕಿಕೊಳ್ಳುತ್ತಿದ್ದ. ಟ್ಯಾಕ್ಸಿಯಲ್ಲಿ ರಿಯಾಮ್‌ವರೆಗೂ ಅವನು ಅದೇ ಬಾಳೆಹಣ್ಣನ್ನು ಜಗಿಯುತ್ತಿದ್ದ, ನುಂಗಲಾಗಲಿಲ್ಲ.

ಪಾರ್ಕಿನಲ್ಲಿ ಬಿಸಿಲು ಇಳಿದಿತ್ತು. ಮಕ್ಕಳು ಜಾರುಬಂಡೆಯಲ್ಲಿ ಕಿರುಚುತ್ತಿದ್ದರು. ಧೂಪದ ಪಾತ್ರೆ ಗುಡ್ಡದ ಮೇಲೆ ತಣ್ಣಗೆ ಕೂತಿತ್ತು.

"ನಿಮ್ಮ ಬೆಂಚು ಯಾವುದು?"

ಅದ್ದು ಸುತ್ತ ನೋಡಿದ. ಬೇವಿನ ಮರವೊಂದಿತ್ತು, ಅದರ ಕೆಳಗೆ ಬೆಂಚಿರಲಿಲ್ಲ. ಬೆಂಚೊಂದಿತ್ತು, ಅದರ ಮೇಲೆ ಮರವಿರಲಿಲ್ಲ. ಸಿಕ್ಕಿದ ಬೆಂಚಿನಲ್ಲಿ ಕುಸಿದು ಕೂತ. ಬೀಫಾತುಮ್ಮ ಪಕ್ಕದಲ್ಲಿ ಕೂತಳು.

"ಬೀಫಾತು, ನಾನು ಒಂದು ಮಾತು..."

"ಗೊತ್ತುಂಟು."

"ಎಂತ ಗೊತ್ತುಂಟು? ಈಗ ಅವರು ಹೇಳಿದ್ದು..."

"ಅವರು ಹೇಳುವುದು ಯಾಕೆ? ಪಾರ್ಕಿನಲ್ಲಿ ಕೂತು ಮಾತಾಡುವ ಮನುಷ್ಯನ ಹಿಂದೆ 'ಮೇಡಂ ಲಾಸ್ಟ್ ಪ್ರೈಸ್' ಅಂತ ಬೊಬ್ಬೆ ಹೊಡೆಯುವವ ಯಾರು? ನಿಮ್ಮ ಸಿನಾನನ ಸ್ವರ ನನಗೆ ನಿಮ್ಮ ಸ್ವರದಷ್ಟೇ ಗುರ್ತ ಉಂಟು. ಕೋಟೆ ಮೇಲೆ ನಿಂತಾಗಲೂ ಅವನೇ, ಅರಮನೆ ಮುಂದೆಯೂ ಅವನೇ. ನನ್ನ ಮಂಡೆಯಲ್ಲಿ ಎಂತ ಹುಲ್ಲು ತುಂಬಿದ್ದಾ?"

ಅದ್ದು ಅವಳ ಕಡೆ ತಿರುಗಿದ. "ಯಾವಾಗಿನಿಂದ?"

"ಮೊದಲ ದಿನದಿಂದ."

"ಮತ್ತೆ ಯಾಕೆ ಪ್ರತಿ ವಾರ ಕೇಳಿದ್ದು? 'ಮತ್ತೆ ಎಲ್ಲಿಗೆ ಹೋದ್ರಿ, ಮತ್ತೆ ಎಂತ ನೋಡಿದ್ರಿ' ಅಂತ?"

ಬೀಫಾತುಮ್ಮ ಬಾಳೆಹಣ್ಣಿನ ಸಿಪ್ಪೆಯನ್ನು ಮಡಚಿ ಮಡಚಿ ಸಣ್ಣದು ಮಾಡಿದಳು. "ಕೇಳದಿದ್ದರೆ ನೀವು ಎಂತ ಹೇಳ್ತಿದ್ರಿ? 'ವಿಶೇಷ ಎಂತದ್ದೂ ಇಲ್ಲ, ಇಡ್ತೇನೆ.' ಮುಗಿಯಿತು, ಇನ್ನು ಬರುವ ಶುಕ್ರವಾರ. ಸುಳ್ಳು ಹೇಳುವಾಗ ನೀವು ಅರ್ಧ ಗಂಟೆ ಮಾತಾಡ್ತಿದ್ರಿ, ನಗ್ತಿದ್ರಿ. ನನಗೆ ಕೋಟೆ ಯಾಕೆ ಮಾರಾಯ್ರೆ? ಆ ಅರ್ಧ ಗಂಟೆ ಬೇಕಿತ್ತು."

ಅವಳು ಅಲ್ಲಿಗೆ ಬಿಡಲಿಲ್ಲ. ಸ್ವರ ಒಮ್ಮೆಲೇ ಏರಿತು. "ಆದರೆ ಸಿಟ್ಟುಂಟು ನನಗೆ, ಇಲ್ಲ ಅಂತಲ್ಲ. ಇಷ್ಟು ಹತ್ತಿರ ಉಂಟಲ್ಲ ಇದು! ಅಂಗಡಿಯಿಂದ ನಡೆದು ಬರುವಷ್ಟು! ನಾನು ದೂರ ಉಂಟೇನೋ ಅಂದುಕೊಂಡಿದ್ದೆ. ಒಂದು ಶುಕ್ರವಾರ, ಒಂದೇ ಒಂದು ಶುಕ್ರವಾರ ಬಂದು ಇಲ್ಲಿ ಕೂರ್ಲಿಕ್ಕೆ ಎಂತ ಧಾಡಿ ನಿಮಗೆ? ನನಗೆ ಹೇಳ್ಲಿಕ್ಕಲ್ಲ. ನಿಮಗೆ. ಈ ಗಾಳಿ ನಿಮ್ಮ ಮುಖಕ್ಕೆ ತಾಗ್ಲಿಕ್ಕೆ."

ಅವಳು ಪಾಪ ಎನ್ನಲಿಲ್ಲ. ಆದರೂ ಅದ್ದು ತಡೆದುಕೊಳ್ಳಲಾಗದೆ ಅತ್ತುಬಿಟ್ಟ. ಜಾರುಬಂಡೆಯ ಮಕ್ಕಳು ಆಟ ನಿಲ್ಲಿಸಿ ನೋಡಿದವು. ಬೀಫಾತುಮ್ಮ ಅವುಗಳಿಗೆ ಕಣ್ಣು ಬಿಟ್ಟಳು, ಮತ್ತೆ ಜಾರತೊಡಗಿದವು.

ಅಷ್ಟರಲ್ಲಿ ಅದ್ದುವಿನ ಮೊಬೈಲು ಬಡಿದುಕೊಂಡಿತು. ಸುಹೈಲಾ. "ಉಪ್ಪಾ, ಎಲ್ಲಿದ್ದೀರಿ?"

"ರಿಯಾಮ್ ಪಾರ್ಕಿನಲ್ಲಿ ಮಗಾ." ಮೂವತ್ತು ವರ್ಷದಲ್ಲಿ ಈ ಮಾತು ನಿಜವಾದದ್ದು ಇದೇ ಮೊದಲು. ಅವನಿಗೆ ತನ್ನ ಸ್ವರವೇ ಯಾರದೋ ಎನಿಸಿತು.

"ಹೌದಾ! ಹೊಗೆ ಬರ್ತಾ ಉಂಟಾ ಉಪ್ಪಾ? ಸಣ್ಣದಿರುವಾಗ ನಾನು ಕೇಳ್ತಿದ್ದೆನಲ್ವಾ, ಮಸ್ಕತ್ತಿಗೆ ಬಂದರೆ ಮೊದಲು ಅದನ್ನೇ ತೋರಿಸಿ ಅಂತ?"

ಅದ್ದು ಬಾಯಿ ತೆರೆದ. ಧೂಪದ ಪಾತ್ರೆ ನೋಡಿದ, ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ನೀರಿನ ಹಾಗೆ ಹರಿದ ಸುಳ್ಳು ಇವತ್ತು ಒಂದು ಹನಿ ಬರಲಿಲ್ಲ. ಬೀಫಾತುಮ್ಮ ಮೊಬೈಲು ಕಿತ್ತುಕೊಂಡಳು.

"ಬರ್ತಾ ಉಂಟಾ ಅಂತ ಕೇಳ್ತೀಯಾ? ಎಂಥಾ ಹೊಗೆ ಗೊತ್ತುಂಟಾ ಮಗಾ, ಮೋಡದ ಹಾಗೆ! ಇಡೀ ಊರಿಗೆ ಪರಿಮಳ. ನಿನ್ನ ಉಪ್ಪನ ಕಣ್ಣಿನಲ್ಲಿ ನೋಡು, ದಳದಳ ನೀರು ಬರ್ತಾ ಉಂಟು."