‘ಮಿಕ್ಸಿ ಬದರಿ’ಯ ಸ್ವಂತ ಸೂರು

ನೈರೋಬಿಯಲ್ಲಿ ಬೆಳಗಿನ ಐದೂವರೆ. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳ ಗದ್ದಲ ಇನ್ನೂ ಶುರುವಾಗಿಲ್ಲ. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಸ್ವೆಟರ್ ತೊಟ್ಟು ಮಣೆ ಮೇಲೆ ಕೂತ ಬದರೀನಾಥ, ಯಾರದೋ ಮಿಕ್ಸಿಯ ಹೊಟ್ಟೆ ಬಿಚ್ಚಿದ್ದಾರೆ. ಮೋಟಾರಿನ ಸವೆದ ಕಾರ್ಬನ್ ಬ್ರಷ್ ಕಿತ್ತು ಹೊಸದನ್ನು ಕೂರಿಸುತ್ತಾರೆ. ಸ್ವಿಚ್ ಒತ್ತುವ ಮುಂಚೆ ಮೇಲೆ ದಪ್ಪ ಟವೆಲ್ ಹೊದಿಸುತ್ತಾರೆ. ಪಕ್ಕದ ಮನೆಯವರ ನಿದ್ದೆ ಕೆಡಬಾರದಲ್ಲ.

ಎಂಟು ಗಂಟೆಯ ಮೇಲೆ ಅವರು ಪ್ಲಾಸ್ಟಿಕ್ ಕಾರ್ಖಾನೆಯೊಂದರ ಮೆಂಟೆನೆನ್ಸ್ ಎಂಜಿನಿಯರ್. ಅದಕ್ಕೆ ಮೊದಲು ನೈರೋಬಿಯ ಕನ್ನಡಿಗರ ಪಾಲಿಗೆ ‘ಮಿಕ್ಸಿ ಬದರಿ’. ಬೆಂಗಳೂರಿನಿಂದ ಸೀರೆಗಳ ನಡುವೆ ಸುತ್ತಿಕೊಂಡು ಬಂದ ಮಿಕ್ಸಿ, ಗ್ರೈಂಡರುಗಳು ಕೆಟ್ಟರೆ ಅವರೇ ಗತಿ. ವಾರಕ್ಕೆ ಎಂಟು–ಹತ್ತು ಬರುತ್ತವೆ.

ಇದು ಹವ್ಯಾಸವಾಗಿ ಹುಟ್ಟಿದ ಕೆಲಸವಲ್ಲ. 2002ರಲ್ಲಿ ಮಗಳು ವರ್ಷಿಣಿ ಏಳನೇ ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದೂವರೆ ತಿಂಗಳು ಕಳೆದಳು. ಮಗು ಉಳಿಯಿತು, ಜೊತೆಗೆ ಸಾಲವೂ ಉಳಿಯಿತು: ಕ್ರೆಡಿಟ್ ಕಾರ್ಡಿನದು, ಕಂಪನಿಯದು, ಗೆಳೆಯ ಮಧುಕರನ ಕೈಸಾಲ. ಮರುವರ್ಷವೇ ಮನೆಯ ಒಡತಿ ಸಿಲ್ವಿಯಾ, ಈ ಫ್ಲ್ಯಾಟ್ ಮಾರಿ ಊರಿನ ತೋಟಕ್ಕೆ ಹೋಗುತ್ತೇನೆಂದರು. ಕೊಳ್ಳುವ ಆಸೆಯಿಂದ ಅಪ್ಪರ್ ಹಿಲ್‌ನ ಬ್ಯಾಂಕಿಗೆ ಹೋದರೆ, ಹಳೆಯ ಕಂತುಗಳೇ ಅರ್ಧ ಸಂಬಳ ತಿನ್ನುತ್ತಿವೆ, ತೀರಿಸಿಕೊಂಡು ಬನ್ನಿ ಎಂದು ಕಳಿಸಿದರು.

ಕಾರು ಮಾರಿದರು. ಆ ಹಣವನ್ನು ಸಿಲ್ವಿಯಾಗೆ ಮುಂಗಡ ಕೊಟ್ಟು ಮನೆ ಹಿಡಿದಿಟ್ಟುಕೊಳ್ಳೋಣ ಎಂಬುದು ಬದರಿಯವರ ಲೆಕ್ಕಾಚಾರ. ಹೆಂಡತಿ ಉಷಾ ಒಪ್ಪಲಿಲ್ಲ.

“ಕಾರ್ಡಿನ ಬಡ್ಡಿ ತಿಂಗ್ಳು ತಿಂಗ್ಳೂ ಬೆಳೀತಾನೇ ಇದೆ ರೀ. ಮೊದ್ಲು ಅದನ್ನ ಕ್ಲೋಸ್ ಮಾಡೋಣ. ಈ ಮನೆ ಹೋದ್ರೆ ಹೋಗ್ಲಿ.”

ಬದರಿ ಎರಡು ದಿನ ವಾದ ಮಾಡಿದರು. ಮೂರನೇ ದಿನ ಕಾರ್ಡಿನ ಸಾಲವನ್ನು ಪೂರ್ತಿ ಕಟ್ಟಿ, ಮಟಾಟು ಹತ್ತಿ ಕೆಲಸಕ್ಕೆ ಹೋದರು. ಅಲ್ಲಿಂದ ಹಾದಿ ಹಗುರವಾಯಿತು. ಕಾರ್ಡಿನ ಕಂತು ನಿಂತು ಉಳಿದ ಹಣ, ಮಿಕ್ಸಿ ರಿಪೇರಿಯ ಸಂಪಾದನೆ, ಉಷಾ ಸಂಜೆ ಹೇಳುವ ಗಣಿತದ ಪಾಠದ ಫೀಸು ಎಲ್ಲವೂ ಕಂಪನಿಯ ಸಾಲಕ್ಕೆ ಹೋದವು. ಬಡ್ಡಿ ಕೇಳದ ಮಧುಕರ, ತನ್ನದು ಕೊನೆಗಿರಲಿ ಎಂದು ತಾನೇ ಹೇಳಿದ.

ನಡುವೆ ಇನ್ನೊಬ್ಬರು ಹೆಚ್ಚಿನ ಬೆಲೆಗೆ ಮನೆ ಕೇಳಿಕೊಂಡು ಬಂದರು. ಉಷಾ ಪಾತ್ರೆ ಕಟ್ಟಲು ರಟ್ಟಿನ ಡಬ್ಬಗಳನ್ನೂ ತರಿಸಿದ್ದರು. ಆದರೆ ಸಿಲ್ವಿಯಾ ಆ ಗಿರಾಕಿಯನ್ನು ವಾಪಸ್ ಕಳಿಸಿದರು. ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ನಿವೃತ್ತರಾದ ಆಕೆ, ಮಗು ಉಳಿಸಿಕೊಳ್ಳಲು ಮಾಡಿದ ಸಾಲ ತೀರುವವರೆಗೆ ನನ್ನ ತೋಟ ಕಾಯುತ್ತದೆ ಎಂದರಂತೆ. ಅದನ್ನು ಹೇಳುವಾಗ ಉಷಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಐದು ವರ್ಷ ಹಿಡಿಯಬಹುದೆಂದುಕೊಂಡ ಸಾಲ ಮೂರು ವರ್ಷದೊಳಗೆ ತೀರಿತು. ಬ್ಯಾಂಕು ಒಪ್ಪಿತು. ಕಳೆದ ತಿಂಗಳು, ವರ್ಷಿಣಿಗೆ ನಾಲ್ಕು ತುಂಬುವ ಹೊತ್ತಿಗೆ, ಮನೆ ಇವರ ಹೆಸರಿಗಾಯಿತು.

ಮತ್ತೇಕೆ ಇಷ್ಟು ಬೇಗ ಏಳುವುದೆಂದು ಕೇಳಿದರೆ ಬದರಿ ನಗುತ್ತಾರೆ. “ಬ್ಯಾಂಕಿನವರು ಹೋಮ್ ಲೋನ್‌ಗೆ ಹದಿನೈದು ವರ್ಷ ಕೊಟ್ಟಿದಾರೆ. ಇವಳು ಎಂಟಕ್ಕೇ ಮುಗಿಸ್ಬೇಕು ಅಂತಾಳೆ. ಈ ಸಲ ನಾನು ವಾದ ಮಾಡ್ಲಿಲ್ಲ.”

ಅವರದ್ದು ಒಂದೇ ಆಸೆ.

“ಬಾಗ್ಲಿಗೆ ಒಂದು ಬೋರ್ಡ್ ಹಾಕಿಸ್ಬೇಕು. ಮೇಲೆ ದೊಡ್ಡದಾಗಿ ಉಷಾ ಅಂತ. ನನ್ನ ಹೆಸ್ರು ಕೆಳಗೆ, ಜಾಗ ಉಳಿದ್ರೆ.”