ಹಳೇ ಸಾಣೆ ಯಂತ್ರವೂ ದೊಡ್ಡಮ್ಮನ ಚೊಂಬೂ

ಮೇಲಿನ ಮನೆಯ ಹುಬ್ಬಳ್ಳಿಯ ಅಕ್ಕ ಇವತ್ತು ಬೆಳಿಗ್ಗೆ ಒಂದು ತಾಮ್ರದ ತಂಬಿಗೆ ತಂದು, ಪಾಲಿಶ್ ಮಾಡಿಕೊಡಿ ಎಂದರು. ಯಂತ್ರದ ಸ್ವಿಚ್ ಒತ್ತುವ ಮೊದಲು ನಾನು ತಂಬಿಗೆಯೊಳಗೆ ಎರಡು ಬೆರಳು ಇಳಿಬಿಟ್ಟು ತಡಕಿದೆ.

"ಏನ್ ಹುಡುಕಾಕತ್ತೀರಿ? ಖಾಲಿ ಐತ್ರಿ ಅದು," ಎಂದರು.

ಅದೊಂದು ದೊಡ್ಡ ಕತೆ ಎಂದು ನಕ್ಕೆ. ನಿಮಗಾದರೆ ಹೇಳಬಹುದು, ಬಿಡುವಾಗಿದ್ದೀರಲ್ಲ.

ಯಂತ್ರವೆಂದರೆ ದೊಡ್ಡದೇನಲ್ಲ. ಕೆಲವು ವರ್ಷಗಳ ಹಿಂದೆ ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಉಳಿಗಳಿಗೆ ಸಾಣೆ ಹಿಡಿಯುವ ಹಳೇ ಗ್ರೈಂಡರೊಂದು ಕಂಡಿತು. "ಕಲ್ಲು ಹೋಗೈತೆ ಸಾಬ್, ಮೋಟಾರ್ ಪಕ್ಕಾ. ನನ್ ಹಂಗೇನೇ," ಎಂದು ಅಂಗಡಿಯ ಮುದುಕರು ಹಲ್ಲಿಲ್ಲದ ಬಾಯಲ್ಲಿ ನಕ್ಕರು. ಕಗ್ಗದಾಸಪುರದ ನಮ್ಮ ತಾರಸಿಗೆ ತಂದು, ಸವೆದ ಕಲ್ಲು ಬಿಚ್ಚಿ, ಬಟ್ಟೆಯ ಚಕ್ರ ಕೂಡಿಸಿದೆ. ಅದಕ್ಕೆ ಪಾಲಿಶ್ ಸೋಪು ತಾಗಿಸಿ ಹಿತ್ತಾಳೆ ಒಡ್ಡಿದರೆ ಮುಖ ನೋಡಿಕೊಳ್ಳಬಹುದಿತ್ತು. ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ದೀಪ, ಗಂಟೆ, ಬಾಗಿಲ ಚಿಲಕ ಎಲ್ಲ ಮುಗಿದು, ಇನ್ನೇನೂ ಕೊಡುವುದಿಲ್ಲವೆಂದು ಹೆಂಡತಿ ಅಡುಗೆಮನೆಗೆ ಅಡ್ಡ ನಿಂತಾಗ ಲಿಂಗರಾಜಪುರದ ದೊಡ್ಡಮ್ಮನ ನೆನಪಾಯಿತು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಬೆರಳ ಗೆಣ್ಣು ನೋವೆಂದು ಹುಣಸೆಹಣ್ಣಿನಲ್ಲಿ ಬೆಳಗುವುದನ್ನು ಬಿಟ್ಟಿದ್ದರಿಂದ ಅವರ ಹಿತ್ತಾಳೆ ಚೊಂಬು ಕಪ್ಪಿಟ್ಟಿತ್ತು. "ಹುಷಾರು ಕಣೋ, ಅವ್ವ ಮದ್ವೇಲಿ ಕೊಟ್ಟಿದ್ದು," ಎಂದು ಕೊಟ್ಟರು. ನಾನು ಮೊದಲು ಎಮರಿ ಪೇಪರಿನಲ್ಲಿ ಗೀರು, ಕಿಲುಬು, ಒಂದಷ್ಟು ಕಪ್ಪು ಚುಕ್ಕಿ ಎಲ್ಲ ಉಜ್ಜಿ, ಆಮೇಲೆ ಚಕ್ರಕ್ಕೆ ಹಿಡಿದೆ. ಹೊಳೆಯುವ ಚೊಂಬನ್ನು ಒಯ್ದು ಅವರ ಮುಂದಿಟ್ಟು ಹೊಗಳಿಕೆಗಾಗಿ ಕಾದೆ.

ಅವರು ಅದನ್ನು ಒಂದು ಸುತ್ತು ತಿರುಗಿಸಿದರು. ಮತ್ತೊಂದು ಸುತ್ತು ತಿರುಗಿಸಿದರು.

"ಹೆಸ್ರು ಎಲ್ಲೋ?"

"ಯಾವ ಹೆಸ್ರು ದೊಡ್ಡಮ್ಮ?"

"ನಂದು ಕಣೋ. ಮುನಿಯಮ್ಮ ಅಂತ ಅವ್ವ ಚುಕ್ಕಿ ಚುಕ್ಕಿಯಾಗಿ ಬರೆಸಿದ್ಲಲ್ಲ."

ನಾನು ಉಜ್ಜಿ ತೆಗೆದಿದ್ದ ಕಪ್ಪು ಚುಕ್ಕಿಗಳೇ ಅವು. ಹೆಸರು ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಯಂತ್ರವೊಂದು ಹೊಸದಾಗಿ ಕೈಗೆ ಸಿಕ್ಕವನು ಓದುತ್ತ ಕೂರುತ್ತಾನೆಯೇ? ಊರಿಗೆಲ್ಲ ಅವರು ವಿಮಲಮ್ಮ. ಮದುವೆಯಾಗಿ ಬಂದಾಗ ಅವರ ಅತ್ತೆಯ ಹೆಸರೂ ಮುನಿಯಮ್ಮನೇ ಆಗಿತ್ತು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಗದರುವುದು ಹೇಗೆ? ಆದ್ದರಿಂದ ಧಾರೆಯ ದಿನವೇ ಸೊಸೆ ವಿಮಲ ಆದರು. ರೇಷನ್ ಕಾರ್ಡು, ಬ್ಯಾಂಕು, ಮತದಾರರ ಪಟ್ಟಿ ಎಲ್ಲ ಕಡೆ ವಿಮಲ. ಮುನಿಯಮ್ಮ ಉಳಿದಿದ್ದದ್ದು ಆ ಚೊಂಬಿನ ಮೇಲೆ ಮಾತ್ರ. ಅದನ್ನೂ ನಾನು ಮಧ್ಯಾಹ್ನದೊಳಗೆ ಅಳಿಸಿಹಾಕಿದ್ದೆ.

"ಪಾತ್ರೆ ಅಂಗಡೀಲಿ ಮತ್ತೆ ಬರೆಸ್ತೀನಿ," ಎಂದೆ.

"ಅವ್ವ ಬರೆಸಿದ್ದಾಗ್ತದಾ ಅದು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಸೋಪಿನ ವಾಸನೆ ಹೋಗಲೆಂದು ಚೊಂಬನ್ನು ನಲ್ಲಿಯ ಕೆಳಗೆ ಹಿಡಿದು, ಒಳಗೆ ಬೆರಳಾಡಿಸಿದರು. ಅಲ್ಲೇ ನಿಂತುಬಿಟ್ಟರು.

"ಬಾ ಇಲ್ಲಿ. ಕೈ ಹಾಕು."

ಹಾಕಿದೆ. ಚೊಂಬಿನ ತಗಡು ತೆಳು. ಅಂದು ಯಾರೋ ಹೊರಗಿನಿಂದ ಉಳಿಯಿಟ್ಟು ಹೊಡೆದ ಒಂದೊಂದು ಚುಕ್ಕಿಯೂ ಒಳಗೆ ಸಣ್ಣ ಗುಬುಟಾಗಿ ಎದ್ದಿತ್ತು. ನನ್ನ ಬೆರಳಿಗೆ ಅಕ್ಷರ ಗೊತ್ತಾಗಲಿಲ್ಲ, ಸುಳ್ಳೇಕೆ ಹೇಳಲಿ. ಸಾಲಾಗಿ ಇದ್ದವು, ಅಷ್ಟು ಸಾಕಾಗಿತ್ತು. ಹೋದ ಜೀವ ಬಂದಂತಾಯಿತು.

"ತೊಳೆಯೋವಾಗ ದಿನಾ ಕೈಗೆ ತಗುಲ್ತಿತ್ತು, ಮರ್ತೇಬಿಟ್ಟಿದ್ದೆ," ಎಂದರು ದೊಡ್ಡಮ್ಮ. ಕಣ್ಣು ಒರೆಸಿಕೊಂಡು, "ಇನ್ನು ಒಳಗೂ ಪಾಲಿಶ್ ಮಾಡ್ತೀನಿ ಅಂತ ಬಂದೀಯ, ಕಾಲು ಮುರೀತೀನಿ," ಎಂದು ನಕ್ಕರು. ಕಾಫಿಯನ್ನೂ ಕೊಟ್ಟರು.

ಹುಬ್ಬಳ್ಳಿ ಅಕ್ಕನ ತಂಬಿಗೆ ಒಳಗೆಲ್ಲ ನುಣ್ಣಗಿತ್ತು. ಧೈರ್ಯವಾಗಿ ಪಾಲಿಶ್ ಮಾಡಿ ಕೊಟ್ಟು ಕಳಿಸಿ, ಲಿಂಗರಾಜಪುರಕ್ಕೆ ಫೋನ್ ಮಾಡಿದೆ.

"ಮುನಿಯಮ್ಮನೋರು ಇದ್ದಾರಾ?"

ಆ ಮನೆ ಸೇರಿದ ಮೇಲೆ ಅವರನ್ನು ಹಾಗೆ ಕೇಳಿದವರು ಯಾರೂ ಇದ್ದಿರಲಾರರು.

"ಇದೀನಿ," ಎಂದರು ದೊಡ್ಡಮ್ಮ. "ಹೇಳಪ್ಪ."