ಮಂಡಿಗೆ ತೊಡಿಸಿದ ಟೋಪಿ

ಕ್ರೋಶಾ ಹೆಣಿಗೆ ಕಲಿತ ಮೇಲೆ ನನಗೆ ಜನರ ಮುಖ ನೋಡುವ ಅಭ್ಯಾಸ ತಪ್ಪಿ ತಲೆ ನೋಡುವ ಅಭ್ಯಾಸ ಬಂತು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಸೀಟು ಸಿಕ್ಕಿತೆಂದರೆ ಎದುರು ಕೂತವರ ತಲೆಗಳನ್ನು ಕಣ್ಣಲ್ಲೇ ಅಳೆಯುತ್ತೇನೆ. ಕೆಲವರದು ಹಿಂದೆ ಚಪ್ಪಟೆ, ಕೆಲವರದು ನೆತ್ತಿಯಲ್ಲಿ ಚೂಪು. ಇನ್ನು ಕೆಲವರಿಗೆ ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ. ತಲೆ ಗುಂಡಗಿರುತ್ತದೆ ಎಂದು ನಮಗೆಲ್ಲ ಯಾರು ಹೇಳಿಕೊಟ್ಟರೋ, ಗುಂಡನೆಯ ತಲೆಯನ್ನು ನಾನಂತೂ ಇನ್ನೂ ನೋಡಿಲ್ಲ.

ಟೋಪಿ ಮಾತ್ರ ಗುಂಡಗೇ ಶುರುವಾಗಬೇಕು. ನೆತ್ತಿಗೆ ಒಂದು ಸಣ್ಣ ಉಂಗುರ, ಆಮೇಲೆ ಅದರ ಸುತ್ತ ಸುತ್ತು. ಪ್ರತಿ ಸುತ್ತಿನಲ್ಲೂ ಅಲ್ಲಲ್ಲಿ ಒಂದೇ ಕುಣಿಕೆಯೊಳಗೆ ಎರಡು ಸಲ ಕಡ್ಡಿ ಹಾಕಿ ಹೆಚ್ಚಿಸುತ್ತ ಹೋದರೆ ಬಿಲ್ಲೆ ಅಗಲವಾಗುತ್ತದೆ. ಹೆಚ್ಚಿಸಿದ್ದು ಅತಿಯಾದರೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಅಂಚು ಸೊಟ್ಟಗಾಗುತ್ತದೆ. ಕಡಿಮೆಯಾದರೆ ಬಟ್ಟಲಾಗಿ ಮುದುಡಿಕೊಳ್ಳುತ್ತದೆ. ಇದೆಲ್ಲ ಸರಿಹೋದರೂ ಹೆಚ್ಚಿಸುವುದನ್ನು ಯಾವ ಸುತ್ತಿಗೆ ನಿಲ್ಲಿಸಬೇಕು ಎನ್ನುವುದೇ ಪೀಕಲಾಟ. ಬೇಗ ನಿಲ್ಲಿಸಿದರೆ ಟೋಪಿ ನೆತ್ತಿಯ ಮೇಲೆ ಕೂರುತ್ತದೆ, ತಡವಾದರೆ ಮೂಗಿನ ಮೇಲೆ. ಗಂಡನಿಗೆಂದು ಹೆಣೆದ ನನ್ನ ಮೊದಲ ಟೋಪಿ ಈಗ ಬೆಳ್ಳುಳ್ಳಿ ತುಂಬಿಕೊಂಡು ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ.

ಹೀಗಿರುವಾಗ ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ಅವನ ಹೆಂಡತಿಯದು ಬಾಗಲಕೋಟೆ ಕಡೆಯ ಮನೆ. ಒಂದು ದಿನ ಅವನ ಫೋನ್ ಬಂತು.

"ತೊಟ್ಟಿಲಿಗೆ ಹಾಕೋ ದಿನ ಕುಂಚಿಗೆ ನೀನೇ ತರ್ಬೇಕಂತೆ ಅಕ್ಕ. ಅವರ ಕಡೆ ಸೋದರತ್ತೇನೇ ತರೋದಂತೆ."

"ಕುಂಚಿಗೆ ಅಂದ್ರೆ ಏನೋ?"

"ಟೋಪಿ ಕಣಕ್ಕ, ಮಗೂಗೆ. ನೀನು ಹೆಂಗೂ ಊರಿಗೆಲ್ಲ ಟೋಪಿ ಹಾಕ್ತಾ ಇದೀಯಲ್ಲ."

ತಮಾಷೆಗೆ ನಗಲಿಲ್ಲ ನಾನು. ನಿಜವಾಗಿ ನಾನೇನಾ ಎಂದು ಇನ್ನೊಮ್ಮೆ ಕೇಳಿದೆ. ನನಗೆ ಮಕ್ಕಳಿಲ್ಲ. ಅದಕ್ಕಾಗಿ ಅತ್ತು ಕರೆದು ಮುಗಿಸಿ ಬಹಳ ಕಾಲವಾಯಿತು. ಆದರೆ ಸೀಮಂತ, ನಾಮಕರಣ ಎಂದು ಹೋದ ಕಡೆಯಲ್ಲೆಲ್ಲ ಯಾರಾದರೊಬ್ಬರು ಮಗುವನ್ನು ನನ್ನ ತೊಡೆಯಿಂದ ಮೆಲ್ಲಗೆ ಎತ್ತಿಕೊಂಡು ಹೋಗುವುದು ನಿಂತಿಲ್ಲ. ಹಸಿವು ಅನ್ನುತ್ತಾರೆ, ನಿದ್ದೆ ಅನ್ನುತ್ತಾರೆ. ಹಾಗಾಗಿ ಈ ಒಂದು ಟೋಪಿ ಆ ಒಂದು ತಲೆಗೆ ಸರಿಯಾಗಿ ಕೂರಬೇಕು, ನನ್ನ ಕೈಯಿಂದಲೇ ಕೂರಬೇಕು ಎಂಬ ಹಟ ನನಗೆ ಹುಟ್ಟಿತು.

ಅಳತೆ ತರಲು, ನಮ್ಮ ಮನೆಯಿಂದ ಒಂದೇ ಬಸ್ಸಿಗೆ ಸಿಗುವ ಉಲ್ಲಾಳದ ಅವನ ಮನೆಗೆ ಹೋದೆ. ಬಾಣಂತನಕ್ಕೆಂದು ಬಂದಿದ್ದ ಬೀಗಿತ್ತಿ ಆಗಷ್ಟೇ ಮಗುವಿಗೆ ಎರೆದು ಸಾಂಬ್ರಾಣಿ ಹೊಗೆ ಹಿಡಿದಿದ್ದರು. ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿದರು. ನಾನು ಚೀಲದಿಂದ ಟೇಪ್ ತೆಗೆದು ಹಣೆಯ ಹತ್ತಿರ ತಂದೆ, ಅಷ್ಟೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬ್ಯಾಡ್ರೀ ಅಕ್ಕಾರ."

ಹಾಗೆಂದವರೇ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಯೋಚನೆ. ಬೇಡವಾಗಿದ್ದು ಟೇಪೋ, ನಾನೋ? ಕೇಳಿಬಿಡಬಹುದಿತ್ತು. ಎರಡನೆಯ ಉತ್ತರ ಬಂದರೆ ಎಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ.

ಅಳತೆಯಿಲ್ಲದೆ ಹೆಣೆಯುವುದು ಹೇಗೆ? ಮಗು ಕಾಲ ಮೇಲಿದ್ದ ಆ ಸ್ವಲ್ಪ ಹೊತ್ತಿನಲ್ಲಿ ಅದರ ತಲೆ ನನ್ನ ಮಂಡಿಯ ಪಕ್ಕಕ್ಕೇ ಇತ್ತು. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ ಎಂದು ಕಣ್ಣಿಗೆ ಬಿದ್ದಿತ್ತು. ಹಾಗಾದರೆ ಮಂಡಿಯನ್ನೇ ತಲೆ ಅಂದುಕೊಂಡರಾಯಿತು. ಸುತ್ತು ಹೆಣೆಯುವುದು, ಕಾಲು ಮಡಚಿ ತೊಡಿಸಿ ನೋಡುವುದು, ಬಿಗಿಯಾದರೆ ಬಿಚ್ಚುವುದು. ಆಫೀಸಿನಿಂದ ಬಂದ ಗಂಡ ಬಾಗಿಲಲ್ಲೇ ನಿಂತು ನೋಡಿದ.

"ಏನೇ, ಮಂಡಿಗೂ ಚಳಿನಾ?"

"ಇದು ನನ್ನ ಸೊಸೆ. ಸುಮ್ನೆ ಹೋಗಿ ಕಾಲು ತೊಳ್ಕೊಳ್ಳಿ," ಅಂದೆ.

ತೊಟ್ಟಿಲ ದಿನ ಬೆಳಿಗ್ಗೆಯೇ ಹೋದೆ. ಅವರ ಕಡೆಯ ನೆಂಟರೆಲ್ಲ ಬಂದು ಹಾಲ್ ತುಂಬಿತ್ತು. ನಾನು ಹೆಣೆದು ತಂದ ಹಳದಿ ಟೋಪಿಯನ್ನು ಬೀಗಿತ್ತಿ ಮಗುವಿಗೆ ಹಾಕಿ ನೋಡಿದರು. ಹುಬ್ಬಿನ ಮೇಲೆ ಸರಿಯಾಗಿ ನಿಂತು, ಕಿವಿ ಮುಚ್ಚಿ, ಎಲ್ಲೂ ಸುಕ್ಕಿಲ್ಲದೆ ಕೂತಿತು. ನನಗೆ ಒಳಗೊಳಗೇ ಜಂಬ. ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ತಡವಿ ನೋಡಿದರು.

"ಬೆನ್ನ ಎಲ್ಲೈತ್ರೀ?"

"ಬೆನ್ನಾ?"

"ಕುಂಚಗಿಗೆ ಬೆನ್ನ ಇರತೈತ್ರಿ. ತಲಿಯಿಂದ ಟೊಂಕದ ತನಕಾ ಇಳೀಬೇಕು. ಇದು ಬರೇ ಟೊಪಗಿ ಆತಲ್ರಿ."

ತಮ್ಮನ ಕಡೆ ನೋಡಿದೆ. ಅವನು ಫೋನ್ ನೋಡುತ್ತಿದ್ದ. ತಲೆಯನ್ನು ಅಷ್ಟು ಕಷ್ಟಪಟ್ಟು ಹೊಂದಿಸಿದ್ದೆ, ಆಕಾರವೇ ಬೇರೆ ಎಂದು ಯಾರಿಗೆ ಗೊತ್ತು? ಅಷ್ಟರಲ್ಲಿ ಕುರ್ಚಿಯಲ್ಲಿದ್ದ ಅವರ ಕಡೆಯ ಹೆಂಗಸೊಬ್ಬರು ಮಾತು ಸೇರಿಸಿದರು.

"ಪ್ಯಾಟಿಯಿಂದ ಒಂದ ತರಿಸ್ರಿ. ಹಾಕಾಕ ಮಕ್ಕಳೊಂದಿಗಳು ಯಾರರ ಇದ್ರ ನೋಡ್ರಿ."

ಮಕ್ಕಳನ್ನು ಹೆತ್ತವರು ಬೇಕು ಎಂದು ಅದರರ್ಥ. ನನ್ನ ಮುಖ ಬಿಸಿಯಾಯಿತು. ಸಿಟ್ಟು, ಅವಮಾನ ಎರಡೂ. ಬೀಗಿತ್ತಿ ಅವರತ್ತ ತಿರುಗಲೇ ಇಲ್ಲ.

"ಉಲ್ಲನ್ ಉಳದೈತೇನ್ರಿ ಅಕ್ಕಾರ?" ಎಂದು ನನ್ನನ್ನು ಕೇಳಿದರು. ಉಂಡೆಯೂ ಕಡ್ಡಿಯೂ ಚೀಲದಲ್ಲೇ ಇದ್ದವು. "ತೊಟ್ಲಾ ಸಂಜಿಕ ಐತಿ. ಕುಂತು ಹೆಣೀರಿ," ಎಂದು ಕೋಣೆಗೆ ಕರೆದೊಯ್ದು ಚಾಪೆ ಹಾಸಿ, ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟರು.

ಆಗ ಕೇಳಿಯೇಬಿಟ್ಟೆ. "ಅವತ್ತು ಟೇಪ್ ತೆಗೆದಾಗ ಕೈ ಹಿಡಿದ್ರಲ್ಲಮ್ಮ. ಬೇಡ ಅಂದಿದ್ದು ಟೇಪಿಗಾ, ನನಗಾ?"

ಅವರಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. "ಟೇಪಿಗ್ರೀ. ಬೆಳಿಯೂ ಕೂಸಿಗೆ ಅಳತಿ ಹಿಡದ್ರ ಅಷ್ಟಕ್ಕ ನಿಂತ ಬಿಡತೈತಿ ಅಂತಾರ. ನಿಮಗ್ಯಾಕ ಬ್ಯಾಡ ಅನ್ಲಿ?"

ಟೋಪಿಯ ಹಿಂದಿನ ಅಂಚಿನಿಂದ ಸಾಲು ಸಾಲಾಗಿ ಬೆನ್ನು ಇಳಿಸಿದೆ. ಮಗುವನ್ನು ಬೋರಲಾಗಿ ಮಲಗಿಸಿ ಎಲ್ಲಿಯವರೆಗೆ ಬಂತು ಎಂದು ಆಗಾಗ ನೋಡಿದೆ. ಹೆಗಲ ಹತ್ತಿರ ಅಗಲ ಸಾಲದೆ ಒಮ್ಮೆ ಬಿಚ್ಚಬೇಕಾಯಿತು. ಮಗು ನನ್ನ ರೇಷ್ಮೆ ಸೀರೆಯ ಮೇಲೆ ಉಚ್ಚೆ ಹೊಯ್ದು ಅಲ್ಲೇ ನಿದ್ದೆ ಹೋಯಿತು. ಮಧ್ಯಾಹ್ನವಿಡೀ ಯಾರೂ ಅದನ್ನು ಎತ್ತಿಕೊಳ್ಳಲು ಬರಲಿಲ್ಲ.

ಸಂಜೆ ಕುಂಚಿಗೆ ತೊಡಿಸಿ, ತೊಟ್ಟಿಲಿಗೆ ಬಗ್ಗಿ, ಅದರ ಅಂಚು ಸರಿಸಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದೆ. ಹೇಳಿದ ಕೂಡಲೇ ಸೋದರತ್ತೆಯ ಬೆನ್ನಿಗೆ ಎಲ್ಲ ಹೆಂಗಸರೂ ಗುದ್ದುವುದು ಅವರ ಪದ್ಧತಿಯಂತೆ. ಇದನ್ನೂ ತಮ್ಮ ನನಗೆ ಹೇಳಿರಲಿಲ್ಲ. ದಬದಬ ಬಿದ್ದವು. ಮಕ್ಕಳೊಂದಿಗಳನ್ನು ನೋಡಿ ಎಂದವರೂ ಒಂದು ಕೊಟ್ಟರು. ಎಲ್ಲರಿಗಿಂತ ಜೋರಾಗಿ ಬಿದ್ದದ್ದು ಬೀಗಿತ್ತಿಯದು. ನೋವಿಗೆ ಕಣ್ಣಲ್ಲಿ ನೀರು ಬಂತು. ನಾನು ಬೆನ್ನು ಬಗ್ಗಿಸಿಕೊಂಡೇ ಇದ್ದೆ.